ಆ ಕಪ್ಪು ದ್ವೀಪವನ್ನು ಅದರ ಪಾಡಿಗೆ ಬಿಡೋಣ

ದಕ್ಷಿಣ ಅಮೆರಿಕದ ತುತ್ತತುದಿಯ ಉಶುವಾಯಾ ಬಂದರಿನಲ್ಲಿ ಹಡಗು ಹತ್ತಿ, ಡ್ರೇಕ್ ಜಲಮಾರ್ಗದ ಹುಚ್ಚು ಅಲೆಗಳನ್ನು ಸುಮಾರು ಎರಡು ದಿನ ತಾಳಿಕೊಂಡರೆ ಸೌತ್ ಷೆಟ್ಲೆಂಡ್ ದ್ವೀಪಗಳು ಕಣ್ಣಿಗೆ ಬೀಳುತ್ತವೆ. ಅವುಗಳಲ್ಲೊಂದು ಡಿಸೆಪ್ಷನ್. ಅಕ್ಕಪಕ್ಕದ ದ್ವೀಪಗಳೆಲ್ಲ ಹಿಮದಿಂದ ಬೆಳ್ಳಗಿದ್ದರೆ ಇದರ ಮೈ ಕಪ್ಪು. ಹಿಮನದಿಗಳ ಮೇಲೂ ಬೂದಿಯ ಹೊದಿಕೆ. ಇದು ಇನ್ನೂ ಜೀವಂತವಾಗಿರುವ ಜ್ವಾಲಾಮುಖಿ. ಸುಮಾರು 4,000 ವರ್ಷಗಳ ಹಿಂದೆ ಭಾರಿ ಸ್ಫೋಟವಾಗಿ ಅದರ ನಡುಭಾಗ ಕುಸಿಯಿತು, ಒಂದು ಕಡೆಯ ಗೋಡೆ ಒಡೆದು ಸಮುದ್ರ ಒಳನುಗ್ಗಿತು. ಈಗ ಉಳಿದಿರುವುದು ಲಾಳದ ಆಕಾರದ ಗುಡ್ಡಸಾಲು, ಅದರ ನಡುವೆ ಪೋರ್ಟ್ ಫಾಸ್ಟರ್ ಎಂಬ ಕೊಲ್ಲಿ. ದಂಡೆಯ ಮರಳಿನಿಂದ ಇವತ್ತಿಗೂ ಹಬೆ ಏಳುತ್ತದೆ.

ದ್ವೀಪದ ಪೂರ್ವದ ಹೊರಮೈಯಲ್ಲಿ ಬೇಯ್ಲಿ ಹೆಡ್ ಎಂಬ ಭೂಶಿರವಿದೆ. ಅದರೆದುರು ಬಂದಾಗ ಪ್ರವಾಸಿ ಹಡಗು ವೇಗ ತಗ್ಗಿಸುತ್ತದೆ, ಧ್ವನಿವರ್ಧಕದಲ್ಲಿ ಪ್ರಕಟಣೆ ಕೇಳುತ್ತದೆ, ಡೆಕ್ಕಿನ ಒಂದೇ ಬದಿಗೆ ಜನ ಸೇರುತ್ತಾರೆ. ಕಪ್ಪು ಮರಳಿನ ದಂಡೆಯಿಂದ ಗುಡ್ಡದ ನೆತ್ತಿಯ ತನಕ ಕಾಣುವ ಬಿಳಿ ಚುಕ್ಕೆಗಳೆಲ್ಲ ಚಿನ್‌ಸ್ಟ್ರಾಪ್ ಪೆಂಗ್ವಿನ್‌ಗಳು. 2011–12ರ ಬೇಸಿಗೆಯಲ್ಲಿ ಎಣಿಸಿದಾಗ ಈ ಒಂದು ಭೂಶಿರದಲ್ಲೇ 50,408 ಜೋಡಿಗಳಿದ್ದವು. ಗಾಳಿ ಇತ್ತ ಬೀಸಿದರೆ ಹಿಕ್ಕೆಯ ಘಾಟು ಡೆಕ್ಕಿಗೂ ಬಡಿಯುತ್ತದೆ. ಒಂದಷ್ಟು ಹೊತ್ತು ಫೋಟೊ, ವಿಡಿಯೊ. ಆಮೇಲೆ ಹಡಗು ಮುಂದಕ್ಕೆ.

“ನಾವೇನು ಇಳಿಯುವುದಿಲ್ಲವಲ್ಲ, ದೂರದಿಂದ ನೋಡಿಕೊಂಡು ಬರುತ್ತೇವೆ. ಅದರಿಂದ ಯಾರಿಗೇನು ತೊಂದರೆ?” ಧ್ರುವ ಪ್ರದೇಶದ ಪ್ರವಾಸದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕೇಳುವವರು ಕೆಟ್ಟವರಲ್ಲ. ಹಕ್ಕಿ, ಪ್ರಾಣಿ, ಸಮುದ್ರ ಎಂದರೆ ಜೀವ ಬಿಡುವವರೇ ಹೀಗೆ ಕೇಳುತ್ತಾರೆ. ಆದ್ದರಿಂದಲೇ ನಾನು ಈ ಮಾತನ್ನು ಅವರಿಗೇ ಹೇಳಬೇಕಾಗಿದೆ: ಇಳಿಯದೆ ನೋಡಿದರೂ ನಾವು ಅಲ್ಲಿಗೆ ಹೋಗಿರುತ್ತೇವೆ. ಹೋದದ್ದರ ಬೆಲೆಯನ್ನು ಆ ದ್ವೀಪವೇ ತೆರುತ್ತದೆ.

ಅಂಟಾರ್ಕ್ಟಿಕಾ ಪ್ರವಾಸ ನಡೆಸುವ ಕಂಪನಿಗಳು 1991ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡಿವೆ. 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ದಡಕ್ಕೆ ಇಳಿಸುವಂತಿಲ್ಲ, ಚಿಕ್ಕ ಹಡಗಾದರೂ ಒಂದು ಜಾಗದಲ್ಲಿ ಒಮ್ಮೆಗೆ 100 ಜನರನ್ನು ಮೀರಿ ಇಳಿಸಬಾರದು ಎಂಬುದು ಆ ಸಂಘದ ನಿಯಮ. ಒಳ್ಳೆಯ ನಿಯಮವೇ. ಆದರೆ ಇದರ ಮರೆಯಲ್ಲಿ ಇನ್ನೊಂದು ವ್ಯಾಪಾರ ಬೆಳೆದಿದೆ. ಇಳಿಸುವಂತಿಲ್ಲ ತಾನೇ, ತೋರಿಸಿಕೊಂಡು ಹೋದರಾಯಿತು ಎಂದು ಎರಡು ಮೂರು ಸಾವಿರ ಜನ ಹಿಡಿಸುವ ಹಡಗುಗಳೂ ಈ ನೀರಿಗೆ ಬರುತ್ತಿವೆ. 2023–24ರ ಒಂದೇ ಋತುವಿನಲ್ಲಿ ಅಂಟಾರ್ಕ್ಟಿಕಾಕ್ಕೆ ಹೋದವರು 1,22,000ಕ್ಕೂ ಹೆಚ್ಚು. ಅವರಲ್ಲಿ ಸುಮಾರು 43,000 ಮಂದಿ ನೆಲಕ್ಕೆ ಕಾಲೇ ಇಡದವರು. ಮೂವತ್ತು ವರ್ಷಗಳ ಹಿಂದೆ ಇಳಿದವರು, ಇಳಿಯದವರು ಎಲ್ಲ ಸೇರಿದರೂ ವರ್ಷಕ್ಕೆ ಹತ್ತು ಸಾವಿರ ದಾಟುತ್ತಿರಲಿಲ್ಲ.

ಡೆಕ್ಕಿನಿಂದ ಚುಕ್ಕೆಯಾಗಿ ಕಂಡ ಆ ಹಕ್ಕಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಮೊಣಕಾಲಿಗೆ ತುಸು ಮೇಲೆ ಬರುವ ಎತ್ತರ. ಬಿಳಿ ಮುಖ, ಗಲ್ಲದ ಕೆಳಗೆ ಕಿವಿಯಿಂದ ಕಿವಿಗೆ ಎಳೆದಂತೆ ತೆಳುವಾದ ಒಂದು ಕಪ್ಪು ಗೆರೆ. ಗೂಡೆಂದರೆ ಒಟ್ಟು ಮಾಡಿದ ಸಣ್ಣ ಕಲ್ಲುಗಳು, ಅಷ್ಟೇ. ಒಂದೊಂದು ಕಲ್ಲನ್ನೂ ಕೊಕ್ಕಿನಲ್ಲಿ ಕಚ್ಚಿಕೊಂಡು ಬರಬೇಕು, ಪಕ್ಕದ ಗೂಡಿನವನು ಕದಿಯದಂತೆ ಕಾಯಬೇಕು. ಎರಡು ಮೊಟ್ಟೆ. ಗಂಡು ಹೆಣ್ಣು ಸರದಿಯಲ್ಲಿ ಕಾವು ಕೂರುತ್ತವೆ. ಒಂದು ಕೂತಿದ್ದರೆ ಇನ್ನೊಂದು ಕ್ರಿಲ್ ಹುಡುಕಿ ಸಮುದ್ರಕ್ಕೆ. ತಲೆಯ ಮೇಲೆ ಸ್ಕುವಾ ಹಕ್ಕಿ ಸುತ್ತುತ್ತಿರುತ್ತದೆ, ತಾಯಿಯೋ ತಂದೆಯೋ ಮೈಮರೆತರೆ ಮೊಟ್ಟೆ ಹೋಯಿತು. ಹಾಗಾದರೆ ಇವು ನಿದ್ದೆ ಮಾಡುವುದು ಯಾವಾಗ? ಇದೇ ದ್ವೀಪಸಮೂಹದ ಕಿಂಗ್ ಜಾರ್ಜ್ ದ್ವೀಪದಲ್ಲಿ ವಿಜ್ಞಾನಿಗಳು ಗೂಡು ಕಾಯುವ ಚಿನ್‌ಸ್ಟ್ರಾಪ್‌ಗಳ ಮಿದುಳಿನ ಅಲೆಗಳನ್ನು ಅಳೆದು ನೋಡಿದರು. 2023ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಅವು ಒಮ್ಮೆಗೆ ನಿದ್ದೆ ಮಾಡುವುದು ಸರಾಸರಿ 4 ಸೆಕೆಂಡು. ಅಂಥ ತೂಕಡಿಕೆ ದಿನಕ್ಕೆ 10,000ಕ್ಕೂ ಹೆಚ್ಚು. ಎಲ್ಲ ಕೂಡಿದರೆ ಸುಮಾರು 11 ಗಂಟೆ. ಕಣ್ಣು ಮುಚ್ಚಿ ನಾಲ್ಕು ಎಣಿಸಿ ತೆರೆಯಿರಿ. ಆ ಹಕ್ಕಿಗೆ ಒಮ್ಮೆಗೆ ದಕ್ಕುವ ನಿದ್ದೆ ಅಷ್ಟು.

ನವೆಂಬರಿನಿಂದ ಮಾರ್ಚ್ ತನಕ, ಹಿಮ ಕರಗಿ ಕಲ್ಲು ಕಾಣುವ ಕೆಲವೇ ತಿಂಗಳಲ್ಲಿ, ಅವು ಮರಿ ಮಾಡಿ ಬೆಳೆಸಿ ಸಮುದ್ರಕ್ಕೆ ಬಿಡಬೇಕು. ಪ್ರವಾಸಿ ಹಡಗುಗಳ ಋತುವೂ ನವೆಂಬರಿನಿಂದ ಮಾರ್ಚ್ ತನಕವೇ. ಅವುಗಳ ಇಡೀ ವರ್ಷದ ಬಾಣಂತನ ನಮಗೆ ರಜೆಯ ಕಾಲ.

ಈಗ ಕಹಿ ಲೆಕ್ಕಕ್ಕೆ ಬರುತ್ತೇನೆ. 1986–87ರ ಎಣಿಕೆಗೆ ಹೋಲಿಸಿದರೆ 2011–12ರ ಹೊತ್ತಿಗೆ ಬೇಯ್ಲಿ ಹೆಡ್‌ನ ಚಿನ್‌ಸ್ಟ್ರಾಪ್‌ಗಳು ಅರ್ಧಕ್ಕೂ ಕಡಿಮೆಯಾಗಿದ್ದವು. ಇದಕ್ಕೆ ಪ್ರವಾಸಿಗರೇ ಕಾರಣ ಎಂದು ಹೇಳಿಬಿಟ್ಟರೆ ನನ್ನ ವಾದ ಸುಲಭವಾಗುತ್ತಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ಎಣಿಸಿದ ಸಂಶೋಧಕರು ಬೆರಳು ತೋರಿದ್ದು ಪ್ರವಾಸಿಗರ ಕಾಲ್ತುಳಿತದ ಕಡೆಗಲ್ಲ, ಬಿಸಿಯೇರುತ್ತಿರುವ ಹವಾಮಾನದ ಕಡೆಗೆ. ಚಿನ್‌ಸ್ಟ್ರಾಪ್‌ಗಳ ಹೊಟ್ಟೆ ತುಂಬಬೇಕಾದರೆ ಕ್ರಿಲ್ ಬೇಕು. ಕ್ರಿಲ್‌ನ ಮರಿಗಳು ಚಳಿಗಾಲ ಕಳೆಯುವುದು ಸಮುದ್ರದ ಮಂಜುಗಡ್ಡೆಯ ಅಡಿಯಲ್ಲಿ, ಅಲ್ಲಿ ಅಂಟಿಕೊಂಡ ಪಾಚಿ ತಿಂದು. ಮಂಜುಗಡ್ಡೆ ಕಡಿಮೆಯಾದರೆ ಕ್ರಿಲ್ ಕಡಿಮೆ, ಕ್ರಿಲ್ ಕಡಿಮೆಯಾದರೆ ಗೂಡಿಗೆ ಬರಿಗೈ. ಅದೇ ನೀರಿನಲ್ಲಿ ಕ್ರಿಲ್ ಹಿಡಿಯುವ ದೊಡ್ಡ ಹಡಗುಗಳೂ ಬಲೆ ಬೀಸುತ್ತವೆ. ಔಷಧಿ ಅಂಗಡಿಯಲ್ಲಿ ಕ್ರಿಲ್ ಎಣ್ಣೆಯ ಮಾತ್ರೆ ಕಂಡರೆ ಅದು ಬಂದದ್ದು ಈ ಸಮುದ್ರದಿಂದ ಎಂಬುದು ನೆನಪಿರಲಿ.

ಹಾಗಿದ್ದರೆ ಪ್ರವಾಸಿಗರ ತಪ್ಪಿಲ್ಲವೇ? ನಮ್ಮ ಪಾಲಿನ ಲೆಕ್ಕ ಶುರುವಾಗುವುದೇ ಇಲ್ಲಿಂದ. ಅಂಟಾರ್ಕ್ಟಿಕಾದ ಒಂದು ಪ್ರವಾಸಕ್ಕೆ, ವಿಮಾನ ಮತ್ತು ಹಡಗು ಎರಡೂ ಸೇರಿ, ತಲಾ ಸರಾಸರಿ 5.44 ಟನ್ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ ಎಂದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಒಬ್ಬ ಸರಾಸರಿ ಭಾರತೀಯ ಇಡೀ ವರ್ಷ ಅಡುಗೆ ಮಾಡಿ, ದೀಪ ಹಚ್ಚಿ, ಬಸ್ಸು ಹತ್ತಿ, ಬದುಕು ನಡೆಸಿ ಹೊಮ್ಮಿಸುವುದು ಸುಮಾರು 2 ಟನ್. ಹತ್ತು ಹನ್ನೆರಡು ದಿನದ ರಜೆಯಲ್ಲಿ ನಾವು ಎರಡೂವರೆ ವರ್ಷದ ಪಾಲನ್ನು ಸುಟ್ಟುಬಿಡುತ್ತೇವೆ, ಅದೂ ಬಿಸಿಯಿಂದಲೇ ಸಾಯುತ್ತಿರುವ ಹಕ್ಕಿಯನ್ನು ನೋಡುವುದಕ್ಕಾಗಿ.

ಮಸಿಯ ಕಥೆ ಇನ್ನೂ ನೇರವಾದದ್ದು. ಡಾಂಬರಿನಷ್ಟು ದಪ್ಪನೆಯ ಅಗ್ಗದ ಇಂಧನ ತೈಲವನ್ನು 60 ಡಿಗ್ರಿ ದಕ್ಷಿಣದಿಂದಾಚೆ 2011ರ ಆಗಸ್ಟ್‌ನಿಂದ ನಿಷೇಧಿಸಲಾಗಿದೆ. ಅದೊಂದು ದೊಡ್ಡ ಗೆಲುವು. ಆದರೆ ಡೀಸೆಲ್ ಉರಿದರೂ ಮಸಿ ಮಸಿಯೇ. ಬಿಳಿ ಹಿಮದ ಮೇಲೆ ಆ ಕಪ್ಪು ಕಣ ಕೂತಾಗ ಹಿಮ ಬಿಸಿಲನ್ನು ಹೀರಿಕೊಂಡು ಬೇಗ ಕರಗುತ್ತದೆ. ಚಿಲಿಯ ವಿಜ್ಞಾನಿಗಳ ನೇತೃತ್ವದ ತಂಡವೊಂದು ಹಡಗು, ವಿಮಾನ, ನೆಲೆಗಳ ಹತ್ತಿರದ ಹಿಮವನ್ನು ಪರೀಕ್ಷಿಸಿ 2022ರಲ್ಲಿ ಅಂದಾಜು ಪ್ರಕಟಿಸಿತು: 2016ರಿಂದ 2020ರ ನಡುವೆ ಅಲ್ಲಿಗೆ ಹೋದ ಪ್ರತಿ ಪ್ರವಾಸಿಯ ಪಾಲಿಗೆ ಬರುವ ಮಸಿಯಿಂದ ಬೇಗನೆ ಕರಗುವ ಹಿಮ ಸುಮಾರು 83 ಟನ್. ದಡಕ್ಕೆ ಇಳಿದವನ ಹಡಗಿನ ಮಸಿ, ಇಳಿಯದವನ ಹಡಗಿನ ಮಸಿ ಎಂಬ ಭೇದ ಹಿಮಕ್ಕೆ ಗೊತ್ತಿಲ್ಲ.

ನೀರಿನ ಅಡಿಗೆ ಹೋಗುವ ಸದ್ದೂ ಹಾಗೆಯೇ. ಹಂಪ್‌ಬ್ಯಾಕ್ ಮತ್ತು ಫಿನ್ ತಿಮಿಂಗಿಲಗಳು ಒಂದನ್ನೊಂದು ಕರೆಯುವುದು ತಗ್ಗಿದ ದನಿಯಲ್ಲಿ. ದೊಡ್ಡ ಹಡಗಿನ ಎಂಜಿನ್ ಗದ್ದಲ ಮಾಡುವುದೂ ಅದೇ ತಗ್ಗಿನ ಸ್ವರದಲ್ಲಿ. ಡೆಕ್ಕಿನ ಮೇಲೆ ನಾವು ಎಷ್ಟೇ ಮೆಲ್ಲಗೆ ಮಾತಾಡಿದರೂ ಕೆಳಗೆ ಎಂಜಿನ್ ಮಾತಾಡುತ್ತಲೇ ಇರುತ್ತದೆ.

ಈ ದ್ವೀಪಕ್ಕೆ ಮನುಷ್ಯ ಹೊಸಬನಲ್ಲ. ಸೌತ್ ಷೆಟ್ಲೆಂಡ್ ದ್ವೀಪಗಳನ್ನು ವಿಲಿಯಂ ಸ್ಮಿತ್ ಎಂಬ ಇಂಗ್ಲಿಷ್ ನಾವಿಕ ಕಂಡದ್ದು 1819ರಲ್ಲಿ. ಸುದ್ದಿ ಹರಡಿದ್ದೇ ತಡ, ಬ್ರಿಟನ್ ಮತ್ತು ಅಮೆರಿಕದ ಹಡಗುಗಳು ತುಪ್ಪಳದ ಸೀಲ್‌ಗಳಿಗಾಗಿ ಮುಗಿಬಿದ್ದವು. ತಾಯಿ, ಮರಿ ನೋಡದೆ ದಂಡೆಯ ಮೇಲೆ ಲಕ್ಷಾಂತರ ಪ್ರಾಣಿಗಳನ್ನು ಬಡಿದು ಕೊಂದು ಚರ್ಮ ಸುಲಿದರು. ಕೆಲವೇ ಬೇಸಿಗೆಗಳಲ್ಲಿ ಕೊಲ್ಲಲು ಸೀಲ್‌ಗಳೇ ಉಳಿಯಲಿಲ್ಲ, ಬೇಟೆ ತಾನಾಗಿ ನಿಂತಿತು. 1906ರ ಹೊತ್ತಿಗೆ ತಿಮಿಂಗಿಲದವರು ಬಂದರು. ಡಿಸೆಪ್ಷನ್‌ನ ಕೊಲ್ಲಿಯಲ್ಲಿ ತೇಲುವ ಕಾರ್ಖಾನೆ ಹಡಗುಗಳು ಲಂಗರು ಹಾಕಿ, ಕೊಬ್ಬನ್ನು ಸುಲಿದುಕೊಂಡು ಉಳಿದ ದೇಹವನ್ನು ನೀರಿಗೇ ಬಿಡುತ್ತಿದ್ದವು. ಹಾಗೆ ಕೊಳೆಯುತ್ತಿದ್ದ ದೇಹಗಳಿಂದಲೂ ಎಣ್ಣೆ ತೆಗೆಯಲೆಂದು ನಾರ್ವೆಯ ಹೆಕ್ಟರ್ ಕಂಪನಿ 1912ರಲ್ಲಿ ದಡದ ಮೇಲೆ ಕೇಂದ್ರ ಕಟ್ಟಿತು. ಎಣ್ಣೆಯ ಬೆಲೆ ಬಿದ್ದು 1931ರಲ್ಲಿ ಅದು ಮುಚ್ಚಿತು. ತುಕ್ಕು ಹಿಡಿದ ಬಾಯ್ಲರ್‌ಗಳೂ ಎಣ್ಣೆ ಟ್ಯಾಂಕುಗಳೂ ಈಗಲೂ ಅಲ್ಲೇ ನಿಂತಿವೆ. ಅವುಗಳ ಮುಂದೆ ನಿಂತು ಜನ ಫೋಟೊ ತೆಗೆಸಿಕೊಳ್ಳುತ್ತಾರೆ.

ಸೀಲ್ ಬೇಟೆಗಾರರನ್ನೂ ತಿಮಿಂಗಿಲ ಬೇಟೆಗಾರರನ್ನೂ ಪ್ರವಾಸಿಗರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ, ಅದು ನನಗೂ ಗೊತ್ತು. ಇವರು ಪ್ರೀತಿಯಿಂದ ಬರುತ್ತಾರೆ. ಆದರೆ ಮೂರು ಸಲವೂ ನಡೆದ ಒಂದು ಸಂಗತಿಯನ್ನು ನಾವು ಮರೆಯಬಾರದು. ಎಷ್ಟು ಹಡಗು ಬರಬಹುದು ಎಂದು ಯಾರೂ ಮೊದಲೇ ಗೆರೆ ಎಳೆಯಲಿಲ್ಲ. ಸೀಲ್ ಮುಗಿದ ಮೇಲೆ ಎಚ್ಚರವಾಯಿತು. ನೀಲಿ ತಿಮಿಂಗಿಲದ ಹೆಸರಷ್ಟೇ ಉಳಿಯುವ ಹಂತಕ್ಕೆ ಬಂದ ಮೇಲೆ ಎಚ್ಚರವಾಯಿತು. ಈಗಲೂ, ಒಂದು ಋತುವಿಗೆ ಅಂಟಾರ್ಕ್ಟಿಕಾಕ್ಕೆ ಒಟ್ಟು ಎಷ್ಟು ಹಡಗು, ಎಷ್ಟು ಜನ ಎಂಬ ಮಿತಿ ಎಲ್ಲಿಯೂ ಇಲ್ಲ.

ಅಪಘಾತಗಳ ವಿಷಯ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. 1989ರ ಜನವರಿಯಲ್ಲಿ ಅರ್ಜೆಂಟೀನಾದ ಬಾಯಿಯಾ ಪರೈಸೊ ಎಂಬ ಹಡಗು, ಒಡಲಲ್ಲಿ ಪ್ರವಾಸಿಗರನ್ನೂ ಹೊತ್ತು, ಆನ್ವರ್ಸ್ ದ್ವೀಪದ ಬಳಿ ಬಂಡೆಗೆ ಬಡಿಯಿತು. ಸುಮಾರು 6 ಲಕ್ಷ ಲೀಟರ್ ಡೀಸೆಲ್ ಸಮುದ್ರಕ್ಕೆ ಹರಿಯಿತು. ಡಿಸೆಪ್ಷನ್‌ನ ಕೊಲ್ಲಿಗೆ ಹೋಗಲು ಇರುವ ಒಂದೇ ದಾರಿ ನೆಪ್ಚೂನ್ಸ್ ಬೆಲ್ಲೋಸ್ ಎಂಬ ಇಕ್ಕಟ್ಟಿನ ಬಾಗಿಲು. ಅದರ ನಟ್ಟನಡುವೆ, ನೀರಿನ ಮೇಲ್ಮೈಯಿಂದ ಕೇವಲ ಎರಡೂವರೆ ಮೀಟರ್ ಕೆಳಗೆ, ಒಂದು ಬಂಡೆ ಕಾದು ಕೂತಿದೆ. 2007ರ ಜನವರಿ 30ರಂದು ನಾರ್ಡ್‌ಕಾಪ್ ಎಂಬ ಪ್ರವಾಸಿ ಹಡಗು ಈ ದ್ವೀಪದ ಬಳಿ ನೆಲ ತಾಗಿ ತಳ ಹರಿದುಕೊಂಡಿತು, ಒಂದಿಷ್ಟು ಡೀಸೆಲ್ ಸೋರಿತು. ಅದೇ ವರ್ಷ ನವೆಂಬರ್ 23ರಂದು ಎಕ್ಸ್‌ಪ್ಲೋರರ್ ಎಂಬ ಪುಟ್ಟ ಹಡಗು ಕಿಂಗ್ ಜಾರ್ಜ್ ದ್ವೀಪದ ಹತ್ತಿರ ಮಂಜುಗಡ್ಡೆಗೆ ಬಡಿದು, ಟ್ಯಾಂಕಿನಲ್ಲಿದ್ದ ಇಂಧನದ ಸಮೇತ ಮುಳುಗಿತು. ಅದರಲ್ಲಿದ್ದ 154 ಜನ ತೆರೆದ ದೋಣಿಗಳಲ್ಲಿ ಚಳಿಯಲ್ಲಿ ಗಂಟೆಗಟ್ಟಲೆ ಕಾದರು. ಸಮುದ್ರ ಶಾಂತವಾಗಿತ್ತು, ಎಲ್ಲರೂ ಬದುಕಿಕೊಂಡರು. ಎರಡೂ ಸಲ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು ನಾರ್ಡ್‌ನಾರ್ಗೆ ಎಂಬ ಒಂದೇ ಹಡಗು, ಏಕೆಂದರೆ ಆ ನೀರಿನಲ್ಲಿ ನೆರವಿಗೆ ಬರಬಲ್ಲವರು ಅಷ್ಟು ಕಡಿಮೆ. 154 ಜನರ ಜಾಗದಲ್ಲಿ ಮೂರು ಸಾವಿರ ಜನರನ್ನು ಊಹಿಸಿಕೊಳ್ಳಿ. ಅಷ್ಟು ಜನರನ್ನು ಹತ್ತಿಸಿಕೊಳ್ಳಲು ಯಾವ ಹಡಗು ಬರುತ್ತದೆ? ಅಷ್ಟು ದೊಡ್ಡ ಹಡಗಿನ ಟ್ಯಾಂಕು ಒಡೆದರೆ ಬೇಯ್ಲಿ ಹೆಡ್‌ನ ದಂಡೆಯಿಂದ ಸಮುದ್ರಕ್ಕಿಳಿಯುವ ಹಕ್ಕಿಗಳ ಗತಿಯೇನು?

ನೆಲವೂ ಸುಮ್ಮನಿಲ್ಲ. 1967ರ ಡಿಸೆಂಬರಿನಲ್ಲಿ ಜ್ವಾಲಾಮುಖಿ ಸಿಡಿದಾಗ ಚಿಲಿಯ ನೆಲೆ ನಾಶವಾಯಿತು. 1969ರ ಫೆಬ್ರುವರಿಯಲ್ಲಿ ಮತ್ತೆ ಸಿಡಿದು, ಬಿಸಿಗೆ ಕರಗಿದ ಹಿಮ ಕೆಸರಿನ ಪ್ರವಾಹವಾಗಿ ಬ್ರಿಟಿಷ್ ನೆಲೆಯನ್ನು ಸೀಳಿಕೊಂಡು ಹೋಯಿತು. ಬೇಟೆಗಾರರ ಸ್ಮಶಾನವೂ ಹೂತುಹೋಯಿತು. ಬಿಸಿ ಹಬೆಯ ಬಾಯಿಗಳ ಸುತ್ತ ಅಂಟಾರ್ಕ್ಟಿಕಾದ ಬೇರೆಲ್ಲೂ ಕಾಣದ ಪಾಚಿಗಳು ಈ ನೆಲದಲ್ಲಿ ಬೆಳೆಯುತ್ತವೆ. ಜನರ ಬೂಟು, ಸಾಮಾನಿನ ಜೊತೆ ಬಂದು ನೆಲೆಯೂರಿದ ಪರದೇಶದ ಮಣ್ಣಿನ ಕೀಟಗಳೂ ಅಂಟಾರ್ಕ್ಟಿಕಾದಲ್ಲೇ ಹೆಚ್ಚಾಗಿ ಸಿಕ್ಕಿರುವುದು ಇಲ್ಲಿ. ಆದ್ದರಿಂದ ದೊಡ್ಡ ಹಡಗು ಬಿಟ್ಟು ಚಿಕ್ಕ ಹಡಗಿನಲ್ಲಿ ಹೋಗಿ ಇಳಿಯಿರಿ ಎಂದು ನಾನು ಹೇಳುವವನಲ್ಲ.

ಪ್ರವಾಸ ಕಂಪನಿಗಳ ಬಳಿ ಒಂದು ಉತ್ತರವಿದೆ: ನೋಡಿದವನೇ ಕಾಪಾಡುತ್ತಾನೆ, ಅಂಟಾರ್ಕ್ಟಿಕಾ ಕಂಡು ಬಂದವರೆಲ್ಲ ಅದರ ರಾಯಭಾರಿಗಳಾಗುತ್ತಾರೆ. ಕೇಳಲು ಹಿತವಾದ ಮಾತು, ಆದರೆ ಇತಿಹಾಸ ಬೇರೆಯೇ ಹೇಳುತ್ತದೆ. 1980ರ ದಶಕದ ಕೊನೆಗೆ ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆಗೆ ದಾರಿ ಮಾಡುವ ಒಪ್ಪಂದ ಸಹಿಗೆ ಸಿದ್ಧವಾಗಿತ್ತು. ಜಗತ್ತಿನಾದ್ಯಂತ ಜನ ವಿರೋಧಿಸಿದರು. 1989ರಲ್ಲಿ ಆಸ್ಟ್ರೇಲಿಯದ ಪ್ರಧಾನಿ ಬಾಬ್ ಹಾಕ್ ಮತ್ತು ಫ್ರಾನ್ಸಿನ ಪ್ರಧಾನಿ ಮಿಷೆಲ್ ರೊಕಾರ್ ಹಿಂದೆ ಸರಿದರು, ಒಪ್ಪಂದ ಬಿದ್ದುಹೋಯಿತು. 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಗಣಿಗಾರಿಕೆಯನ್ನೇ ನಿಷೇಧಿಸುವ ಪರಿಸರ ಒಡಂಬಡಿಕೆಗೆ ಸಹಿ ಬಿತ್ತು. ಅದಕ್ಕಾಗಿ ದನಿ ಎತ್ತಿದವರಲ್ಲಿ ಬಹುಪಾಲು ಜನ ಆ ಖಂಡವನ್ನು ಕಣ್ಣಾರೆ ಕಂಡವರಲ್ಲ, ಕಾಣಬೇಕೆಂದು ಹಟ ಹಿಡಿದವರೂ ಅಲ್ಲ. ತಿಮಿಂಗಿಲ ಬೇಟೆ ನಿಲ್ಲಬೇಕೆಂದು ಒತ್ತಾಯಿಸಿದವರ ಮಾತೂ ಇದೇ. ಬೇಟೆ ನಿಂತಿತು, ಹಂಪ್‌ಬ್ಯಾಕ್‌ಗಳು ಈ ಸಮುದ್ರಕ್ಕೆ ಮರಳಿ ಬಂದಿವೆ. ನಾವು ಕೈ ಹಿಂತೆಗೆದರೆ ಅವು ಬದುಕಬಲ್ಲವು.

ಮಿತಿ ಹಾಕುವುದು ಆಗದ ಮಾತಲ್ಲ. ಉತ್ತರ ಧ್ರುವದ ಕಡೆ ಸ್ವಾಲ್‌ಬಾರ್ಡ್‌ನ ಸಂರಕ್ಷಿತ ಪ್ರದೇಶಗಳಿಗೆ 200ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗು ಬರುವಂತಿಲ್ಲ ಎಂದು ನಾರ್ವೆ 2025ರ ಜನವರಿಯಿಂದ ಕಾನೂನನ್ನೇ ಮಾಡಿದೆ. ಅಂಟಾರ್ಕ್ಟಿಕಾ ಯಾವ ಒಂದು ದೇಶದ ಸ್ವತ್ತೂ ಅಲ್ಲ. ಅಲ್ಲಿನ ನಿಯಮ ಮಾಡುವುದು ಅಂಟಾರ್ಕ್ಟಿಕ್ ಒಪ್ಪಂದದ ಸಮಾಲೋಚಕ ದೇಶಗಳು, ಅದೂ ಸರ್ವಾನುಮತದಿಂದ. ಆ 29 ದೇಶಗಳಲ್ಲಿ ಭಾರತವೂ ಒಂದು, 1983ರಿಂದ. ಮೈತ್ರಿ, ಭಾರತಿ ಎಂಬ ನಮ್ಮ ಎರಡು ಸಂಶೋಧನಾ ಕೇಂದ್ರಗಳು ಅಲ್ಲಿವೆ. 2022ರಲ್ಲಿ ನಮ್ಮ ಸಂಸತ್ತು ಅಂಟಾರ್ಕ್ಟಿಕ್ ಕಾಯ್ದೆ ಮಾಡಿತು. 2024ರ ಮೇ ತಿಂಗಳಲ್ಲಿ ಸಮಾಲೋಚಕ ದೇಶಗಳ ಸಭೆ ನಡೆದದ್ದು ನಮ್ಮ ಪಕ್ಕದ ಕೊಚ್ಚಿಯಲ್ಲೇ. ಪ್ರವಾಸೋದ್ಯಮದ ನಿಯಂತ್ರಣಕ್ಕೆಂದೇ ಪ್ರತ್ಯೇಕ ಚರ್ಚಾ ಗುಂಪು ಅಲ್ಲಿ ಕೂತಿತು. ಅಂದರೆ ಈ ವಿಷಯದಲ್ಲಿ ನಾವು ದೂರದ ಪ್ರೇಕ್ಷಕರಲ್ಲ. ಡಿಸೆಪ್ಷನ್ ಎದುರು ಎಷ್ಟು ಹಡಗು ಹಾಯಬಹುದು ಎಂದು ತೀರ್ಮಾನಿಸುವ ಮೇಜಿನಲ್ಲಿ ನಮಗೂ ಒಂದು ಕುರ್ಚಿ ಇದೆ.

ಹಾಗಾಗಿ ಕೈಮುಗಿದು ಕೇಳುತ್ತೇನೆ. ನಿವೃತ್ತಿಯ ಹಣದಲ್ಲಿ, ಮದುವೆಯ ವಾರ್ಷಿಕೋತ್ಸವಕ್ಕೆಂದು, ಏಳನೇ ಖಂಡವೊಂದು ಬಾಕಿ ಇದೆಯೆಂದು ಈ ಪ್ರವಾಸಕ್ಕೆ ಲೆಕ್ಕ ಹಾಕುತ್ತಿರುವವರೇ, ದಯವಿಟ್ಟು ಬಿಟ್ಟುಬಿಡಿ. ಮುಂಗಡ ಕಟ್ಟಿಲ್ಲದಿದ್ದರೆ ಕಟ್ಟಬೇಡಿ. ಮಕ್ಕಳು ಕರೆದುಕೊಂಡು ಹೋಗುತ್ತೇವೆಂದರೆ ಬೇಡ ಎನ್ನಿ, ಯಾಕೆ ಬೇಡ ಎಂಬುದನ್ನೂ ಹೇಳಿ. ಅಮೆರಿಕ, ಯೂರೋಪಿನಲ್ಲಿ ನೆಲೆಸಿರುವ ನಮ್ಮವರು ಈ ಹಡಗುಗಳಿಗೆ ಇನ್ನೂ ಹತ್ತಿರದ ಗಿರಾಕಿಗಳು. ಅವರಿಗೂ ಇದೇ ಮಾತು. ಪ್ರವಾಸ ಏರ್ಪಡಿಸುವವರು ತಮ್ಮ ಪಟ್ಟಿಯಿಂದ ಕನಿಷ್ಠ 500 ಮೀರಿದ ಹಡಗುಗಳನ್ನಾದರೂ ಕೈಬಿಡಲಿ, ಅದನ್ನು ಜಾಹೀರಾತಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳಲಿ. ಪೆಂಗ್ವಿನ್ ಎದುರು ನಿಂತ ಫೋಟೊಗೆ ಮೆಚ್ಚುಗೆ ಒತ್ತುವ ಮುಂಚೆ ನಾವೆಲ್ಲ ಒಂದು ಕ್ಷಣ ತಡೆಯೋಣ. ಆ ಮೆಚ್ಚುಗೆಯೇ ಮುಂದಿನ ಟಿಕೆಟ್ ಮಾರುತ್ತದೆ.

ಇನ್ನೊಂದು ಕೆಲಸ ಎಲ್ಲರ ಕೈಯಲ್ಲೂ ಆಗುವಂಥದ್ದು. ಸಮಾಲೋಚಕ ದೇಶಗಳ ಮುಂದಿನ ಸಭೆಗೆ ಹೊರಡುವ ನಮ್ಮ ನಿಯೋಗ ಎರಡು ಬೇಡಿಕೆ ಹಿಡಿದು ಹೋಗಬೇಕು: ಋತುವಿಗೆ ಇಷ್ಟೇ ಹಡಗು, ಇಷ್ಟೇ ಜನ ಎಂಬ ಮಿತಿ; ಇಳಿಸದೆ ತೋರಿಸಿಕೊಂಡು ಹೋಗುವ ದೊಡ್ಡ ಹಡಗುಗಳಿಗೆ ಪೂರ್ತಿ ನಿಷೇಧ. ಅದನ್ನು ಕೇಳಿ ನಿಮ್ಮ ಕ್ಷೇತ್ರದ ಸಂಸದರಿಗೆ ಕನ್ನಡದಲ್ಲೇ ಒಂದು ಪತ್ರ ಬರೆಯಿರಿ, ಒಂದು ಪ್ರತಿಯನ್ನು ದೆಹಲಿಯ ಭೂವಿಜ್ಞಾನ ಸಚಿವಾಲಯಕ್ಕೆ ಕಳಿಸಿ. ಈ ವಾರವೇ ಬರೆಯಿರಿ.